ಸ್ನ್ಯಾಪ್‌ಸೀಡ್: ಶಿರಸಿ ಪೇಟೆಯ ಮಳೆಗೆ ಎಷ್ಟು ‘ಡ್ರಾಮಾ’ ಬೇಕು?

ಮಳೆಗಾಲ ಹಿಡಿಯಿತೆಂದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ವಾಟ್ಸ್‌ಆ್ಯಪ್ ಸ್ಟೇಟಸ್‌ಗಳಲ್ಲಿ ಫೋಟೊ ತಿದ್ದುವ ಆ್ಯಪ್ ಸ್ನ್ಯಾಪ್‌ಸೀಡ್‌ನ ‘ಡ್ರಾಮಾ’ ಫಿಲ್ಟರಿನದೇ ಕಾರುಬಾರು. ಕಾರವಾರದ ಕಡಲು ಸೀಸದ ಬಣ್ಣ, ಶಿರಸಿಯ ಆಕಾಶ ಇದ್ದಿಲ ಬಣ್ಣ, ತೆಂಗಿನ ಮರದ ಸುತ್ತ ದೇವರ ಪಟಕ್ಕಿರುವ ಹಾಗೆ ಬಿಳಿ ಪ್ರಭಾವಳಿ. ದೂರು ಆ್ಯಪಿನ ಮೇಲಲ್ಲ. ಫೋನಿನಲ್ಲೇ ಊರಿನ ಫೋಟೊಕ್ಕೆ ಮೂಡಿ ಲುಕ್, ಅಂದರೆ ಮಬ್ಬುಗತ್ತಲ ಗಂಭೀರ ಛಾಯೆ, ಕೊಡಲು ದುಡ್ಡಿಲ್ಲದೆ ಸಿಗುವ ಆ್ಯಪ್‌ಗಳಲ್ಲಿ ಇದನ್ನು ಮೀರಿಸುವುದು ಕಷ್ಟ. ಆದರೆ ಆ ಕೆಲಸಕ್ಕೆ ಇದರಲ್ಲಿ ಎಲ್ಲಕ್ಕಿಂತ ಕಡಿಮೆ ಉಪಯೋಗಕ್ಕೆ ಬರುವ ಗುಂಡಿ ಯಾವುದು ಅಂದರೆ, ಹೆಸರಿನಲ್ಲೇ ಡ್ರಾಮಾ ಇಟ್ಟುಕೊಂಡದ್ದು.

2011ರಲ್ಲಿ ನಿಕ್ ಸಾಫ್ಟ್‌ವೇರ್ ಕಂಪನಿ ಐಪ್ಯಾಡ್‌ಗೆಂದು ಇದನ್ನು ತಂದಿತು, ಮರುವರ್ಷ ಗೂಗಲ್ ಆ ಕಂಪನಿಯನ್ನೇ ಕೊಂಡುಕೊಂಡಿತು. ಜಾಹೀರಾತಿಲ್ಲ, ಮೂಲೆಯಲ್ಲಿ ಮುದ್ರೆ ಒತ್ತುವುದಿಲ್ಲ, ಚಂದಾ ಕೇಳುವುದಿಲ್ಲ. ಐಫೋನಿಗೆ 2025ರ ಜೂನ್‌ನಲ್ಲಿ 3.0 ಆವೃತ್ತಿ ಬಂದು ಮುಖಚಹರೆ ಬದಲಾಯಿತು. ಇಲ್ಲಿ ಹೇಳುವ ಗುಂಡಿಗಳ ಜಾಗ ಆಂಡ್ರಾಯ್ಡ್ ಫೋನಿನ ಸ್ನ್ಯಾಪ್‌ಸೀಡ್ 2ನೇ ಆವೃತ್ತಿಯದು.

ಮೊದಲು ಡ್ರಾಮಾದ ಸಮಾಚಾರ. ಅದು ಇಡೀ ಚಿತ್ರವನ್ನು ಕಪ್ಪಾಗಿಸಿ ಸುಮ್ಮನಾಗುವ ಫಿಲ್ಟರ್ ಅಲ್ಲ. ಪ್ರತಿ ಜಾಗದಲ್ಲೂ ಅಕ್ಕಪಕ್ಕದ ಬೆಳಕು ನೆರಳು ನೋಡಿ, ಅವೆರಡರ ಅಂತರವನ್ನು ಹಿಗ್ಗಿಸುತ್ತದೆ. ಮೋಡದ ಪದರಗಳು ಎದ್ದು ಕಾಣುವುದು ಅದಕ್ಕೇ. ಪ್ರಭಾವಳಿ ಏಳುವುದೂ ಅದಕ್ಕೇ: ಕಪ್ಪು ಗರಿಯೂ ಬಿಳಿ ಆಕಾಶವೂ ಕೂಡುವ ಅಂಚಿನಲ್ಲಿ ಅಂತರ ಮೊದಲೇ ದೊಡ್ಡದು, ಅದನ್ನು ಇನ್ನೂ ಹಿಗ್ಗಿಸಿದರೆ ಅಂಚಿನ ಆಕಾಶ ಬೆಳ್ಳಗಾಗಲೇಬೇಕು. ಇನ್ನೊಂದು ತೊಂದರೆ ನಮ್ಮ ಜುಲೈ ಆಕಾಶದ್ದು. ಗೋಡೆಗೆ ಸುಣ್ಣ ಬಳಿದಂತೆ ಒಂದೇ ಬೂದು. ಜೆಪಿಇಜಿ ಫೋಟೊದಲ್ಲಿ ಒಂದೊಂದು ಬಣ್ಣಕ್ಕೆ ಇರುವುದೇ 256 ಮೆಟ್ಟಿಲು. ಅಂಥ ಆಕಾಶ ಅದರಲ್ಲಿ ಹತ್ತಿಪ್ಪತ್ತು ಮೆಟ್ಟಿಲಷ್ಟೇ ಬಳಸಿರುತ್ತದೆ. ಅಷ್ಟನ್ನೇ ಎಳೆದು ಅಗಲ ಮಾಡಿದರೆ ಮೋಡದ ಬದಲು ಪಟ್ಟೆ ಕಾಣುತ್ತದೆ, ಪಟ್ಟೆಯ ನಡುವೆ ಮರಳು ಚೆಲ್ಲಿದಂತೆ ನಾಯ್ಸ್. ಆದ್ದರಿಂದ ಡ್ರಾಮಾ ಅಪ್ಪೆಮಿಡಿ ಉಪ್ಪಿನಕಾಯಿಯ ಹಾಗೆ, ಎಲೆಯ ತುದಿಗೆ ಚೂರು ಇರಲಿ. ಅನ್ನಕ್ಕೆಲ್ಲ ಕಲಸಬೇಡಿ.

ಒಂದು ಫೋಟೊ ಇಟ್ಟುಕೊಂಡೇ ನೋಡೋಣ. ಜುಲೈ ಸಂಜೆ ಏಳೂಕಾಲರ ಶಿರಸಿ ಪೇಟೆ: ಒದ್ದೆ ಡಾಂಬರು, ಎರಡೂ ಬದಿಗೆ ಹಂಚಿನ ಮಾಡು, ಅಂಗಡಿಯೊಳಗಿನ ಹಳದಿ ಬಲ್ಬು, ಕೊಡೆ ಹಿಡಿದು ರಸ್ತೆ ದಾಟುತ್ತಿರುವ ಒಬ್ಬರು, ಮೇಲೆ ತಂತಿಗಳ ಗೋಜಲು. ಇಲ್ಲಿ ಜೀವ ಇರುವುದು ಎರಡೇ ಕಡೆ, ಬಲ್ಬಿನಲ್ಲಿ ಮತ್ತು ಡಾಂಬರಿನ ಮೇಲೆ ಹರಡಿದ ಅದರ ಹೊಳಪಿನಲ್ಲಿ. ಉಳಿದದ್ದನ್ನೆಲ್ಲ ಹಿಂದೆ ಸರಿಸುವುದಷ್ಟೇ ಎಡಿಟಿಂಗ್‌ನ ಕೆಲಸ.

ಬಣ್ಣದ ಬಿಸಿ-ತಂಪು ಹೊಂದಿಸುವ ವೈಟ್ ಬ್ಯಾಲೆನ್ಸ್‌ನಿಂದ ಶುರುಮಾಡಿ, ಆದರೆ ಅಲ್ಲಿರುವ ‘ಆಟೋ’ ಮುಟ್ಟಬೇಡಿ. ಬಲ್ಬಿನ ಹಳದಿಯನ್ನು ಅದು ತಪ್ಪೆಂದು ತಿಳಿದು ತಿದ್ದಿಬಿಡುತ್ತದೆ, ಚಿತ್ರದ ಪ್ರಾಣವೇ ಹೋಗುತ್ತದೆ. ಟೆಂಪರೇಚರ್ ಮೈನಸ್ 10ರಿಂದ 15 ಸಾಕು: ನೆರಳು ತಣ್ಣಗಾಗುತ್ತದೆ, ಬಲ್ಬು ಹಳದಿಯಾಗೇ ಉಳಿಯುತ್ತದೆ. ಆಮೇಲೆ ಟ್ಯೂನ್ ಇಮೇಜ್‌ನಲ್ಲಿ ಬ್ರೈಟ್‌ನೆಸ್ ಮೈನಸ್ 15, ಹೈಲೈಟ್ಸ್ ಮೈನಸ್ 35, ಸ್ಯಾಚುರೇಶನ್ (ಬಣ್ಣದ ದಟ್ಟಣೆ) ಮೈನಸ್ 18ರ ಸುತ್ತಮುತ್ತ. ಶ್ಯಾಡೋಸ್ ಇದ್ದಲ್ಲೇ ಇರಲಿ. ಕತ್ತಲೆಯನ್ನು ಎತ್ತಿದರೆ ಹಂಚಿನ ಕೆಳಗಿನ ನಾಯ್ಸ್ ಮೇಲೇಳುತ್ತದೆ, ಇಳಿಸಿದರೆ ಕೊಡೆ ಹಿಡಿದವರು ಬರೀ ಕರಿ ಬೊಟ್ಟು. ಅದೇ ಪಟ್ಟಿಯಲ್ಲಿ ಆಂಬಿಯನ್ಸ್ ಅಂತ ಒಂದಿದೆ, ಬಹಳ ಜನ ಎಡವುವುದು ಇದರಲ್ಲಿ. ಏರಿಸಿದ ಕೂಡಲೇ ಎಲ್ಲವೂ ಲಕಲಕ ಅನ್ನುತ್ತದೆ, ಯಾಕೆಂದರೆ ಅದು ನೆರಳು ಎತ್ತಿ, ಬೆಳಕು ಇಳಿಸಿ, ಬಣ್ಣವನ್ನೂ ದಟ್ಟ ಮಾಡುತ್ತದೆ. ಮೂಡಿ ಲುಕ್‌ಗೆ ಬೇಕಾದ್ದಕ್ಕೆ ಪೂರ್ತಿ ತದ್ವಿರುದ್ಧ. ಸೊನ್ನೆಯಲ್ಲೇ ಬಿಡಿ.

ಮೂರನೆಯದು ಗೆರೆ ಬಗ್ಗಿಸಿ ಬೆಳಕು ನೆರಳು ತಿದ್ದುವ ಕರ್ವ್ಸ್, ನಿಜವಾದ ಕೆಲಸ ಆಗುವುದು ಇಲ್ಲಿ. ಗೆರೆಯ ನಡುಭಾಗವನ್ನು ಒಂದು ಬೆರಳಗಲವೂ ಅಲ್ಲ, ಅರ್ಧ ಬೆರಳಗಲ ಕೆಳಗಿಳಿಸಿ. ಎಡಗಡೆ ತಳದ ಬಿಂದುವನ್ನು ಕೂದಲೆಳೆಯಷ್ಟು ಮೇಲೆತ್ತಿ. ಕಡುಗಪ್ಪು ಹೋಗಿ ಮಸಿಯ ಮೇಲೆ ಮಂಜು ಕೂತಂತೆ ಆಗುತ್ತದೆ. ನೀಲಿ ಚಾನೆಲ್‌ಗೆ ಹೋಗಿ ಅದೇ ತಳದ ಬಿಂದುವನ್ನು ಇನ್ನೊಂಚೂರು ಎತ್ತಿದರೆ ನೆರಳಿಗೆ ಮಳೆಯ ನೀಲಿ ಬರುತ್ತದೆ. ಹೆಚ್ಚಾದರೆ ಗೊತ್ತಾಗುವುದು ಕಪ್ಪು ಕೊಡೆಯಲ್ಲಿ. ಅದು ನೇರಳೆ ಆಯಿತೋ, ಅರ್ಧ ಹಿಂದೆ ಬನ್ನಿ.

ಡ್ರಾಮಾದ ಸರದಿ ಬರುವುದು ಈಗ, ಅದೂ ಆಕಾಶಕ್ಕೆ ಮಾತ್ರ. ಫಿಲ್ಟರ್ ಸ್ಟ್ರೆಂಗ್ತ್ 25ರಿಂದ 30ಕ್ಕೆ ಇಳಿಸಿ, ಸ್ಯಾಚುರೇಶನ್ ಕೂಡ ಇಳಿಸಿ, ಟಿಕ್ ಒತ್ತಿ. ಮೇಲ್ಗಡೆ ಪದರ ಮತ್ತು ಬಾಣ ಇರುವ ಚಿಹ್ನೆಯಲ್ಲಿ ‘ವ್ಯೂ ಎಡಿಟ್ಸ್’ ತೆರೆದರೆ ಇಲ್ಲಿಯವರೆಗೆ ಮಾಡಿದ ಹಂತಗಳೆಲ್ಲ ಸಾಲಾಗಿ ನಿಂತಿರುತ್ತವೆ. ಡ್ರಾಮಾ ಒತ್ತಿ, ಬರುವ ಮೂರು ಗುರುತುಗಳಲ್ಲಿ ನಡುವಿನ ಕುಂಚ ಆರಿಸಿ, 100ಕ್ಕೆ ಇಟ್ಟು ಆಕಾಶದ ಮೇಲೆ ಬೆರಳಾಡಿಸಿ. ಕಣ್ಣಿನ ಗುರುತು ಒತ್ತಿದರೆ ಬಳಿದ ಜಾಗ ಕೆಂಪಾಗಿ ಕಾಣುತ್ತದೆ. ಮಾಡಿನ ಅಂಚಿಗೆ ಬಂದಾಗ 50ಕ್ಕೆ, ಆಮೇಲೆ 25ಕ್ಕೆ ಇಳಿಸಿಕೊಳ್ಳಿ, ಪ್ರಭಾವಳಿ ಏಳುವುದಿಲ್ಲ. ಕುಂಚದ ಅಳತೆ ಬದಲಿಸುವ ಗುಂಡಿ ಹುಡುಕಿ ಸಿಗದಿದ್ದರೆ ನಿಮ್ಮ ತಪ್ಪಲ್ಲ, ಅದು ಇಲ್ಲವೇ ಇಲ್ಲ. ಚಿತ್ರವನ್ನು ಝೂಮ್ ಮಾಡಿದಷ್ಟೂ ಕುಂಚ ಸಣ್ಣದಾಗುತ್ತದೆ. ಈ ವ್ಯೂ ಎಡಿಟ್ಸ್ ಒಂದೇ ಸಾಕು ಈ ಆ್ಯಪ್ ಇಟ್ಟುಕೊಳ್ಳಲು. ನಾಲ್ಕು ಹಂತ ಮುಂದೆ ಹೋದಮೇಲೂ ಹಿಂದಿನ ಕರ್ವ್ಸ್ ತೆರೆದು ತಿದ್ದಬಹುದು, ಮುಂದಿನದೆಲ್ಲ ತಾನಾಗಿ ಹೊಂದಿಕೊಳ್ಳುತ್ತದೆ. ಕಳಿಸುವಾಗ ‘ಎಕ್ಸ್‌ಪೋರ್ಟ್’ ಮಾಡಿದ ಪ್ರತಿಯಲ್ಲಿ ಮಾತ್ರ ಹಂತಗಳು ಚಿತ್ರದೊಳಗೆ ಕರಗಿಹೋಗಿರುತ್ತವೆ, ಬಿಡಿಸಲಾಗದು.

ಬೆಳಕಿಗೆ ಬ್ರಷ್ ಇದೆ. ಅದರ ಡಾಜ್ ಅಂಡ್ ಬರ್ನ್ (ಬೆಳಗಿಸುವುದು, ಕಪ್ಪಾಗಿಸುವುದು) ಪ್ಲಸ್ 5ರಲ್ಲಿ ಡಾಂಬರಿನ ಹೊಳಪಿನ ಮೇಲೆ ಒಂದೆರಡು ಸಲ, ಮೈನಸ್ 5ರಲ್ಲಿ ಬದಿಯ ಗೋಡೆಗಳ ಮೇಲೆ, ತಂತಿಗಳ ಮೇಲೆ. ತಂತಿಯನ್ನು ಹೀಲಿಂಗ್‌ನಿಂದ ಅಳಿಸಿಯೇ ಬಿಡುತ್ತೇನೆ ಅನ್ನುವವರು ಆಕಾಶದ ಮೇಲಿನದ್ದನ್ನಷ್ಟೇ ಅಳಿಸಿ. ಹಂಚಿನ ಮೇಲೆ ಹಾದ ತಂತಿ ಅಳಿಸಹೋದರೆ ಆ್ಯಪ್ ಪಕ್ಕದ ಹಂಚನ್ನೇ ತಂದು ಅಂಟಿಸುತ್ತದೆ, ಸಾಲು ತಪ್ಪಿ ಮಾಡು ಸೊಟ್ಟಗಾದಂತೆ ಕಾಣುತ್ತದೆ. ಬಲ್ಬಿಗೆ ಸೆಲೆಕ್ಟಿವ್‌ನ ಒಂದು ಬೊಟ್ಟು ಇಟ್ಟು, ಎರಡು ಬೆರಳಿನಿಂದ ಅದರ ಹರವು ಕಿರಿದು ಮಾಡಿ, ಸ್ಯಾಚುರೇಶನ್ ಪ್ಲಸ್ 20. ಕೊನೆಗೆ ಚಿತ್ರದ ಅಂಚು ಕಪ್ಪಾಗಿಸುವ ವಿನ್ಯೆಟ್, ಔಟರ್ ಬ್ರೈಟ್‌ನೆಸ್ ಮೈನಸ್ 25ಕ್ಕೆ ನಿಲ್ಲಿಸಿ. ಆಕಾಶದಲ್ಲಿ ಇನ್ನೂ ಪಟ್ಟೆ ಕಂಡರೆ ಒಂದು ಉಪಾಯ: ಗ್ರೇನಿ ಫಿಲ್ಮ್ ತೆರೆದು ಸ್ಟೈಲ್ ಸ್ಟ್ರೆಂಗ್ತ್ ಸೊನ್ನೆ ಮಾಡಿ, ಗ್ರೇನ್ ಮಾತ್ರ 8–10 ಇಡಿ. ಬಣ್ಣ ಬದಲಾಗುವುದಿಲ್ಲ, ಸಣ್ಣ ಕಾಳು ಪಟ್ಟೆಯನ್ನು ಮುಚ್ಚುತ್ತದೆ.

ಇನ್ನು ಆ್ಯಪಿನ ದೊಡ್ಡ ಕೊರತೆ. ಬಿಡಿ ಬಣ್ಣಗಳನ್ನು ತಿದ್ದುವ ಪರಿಕರ ಈ ಆವೃತ್ತಿಯಲ್ಲಿಲ್ಲ. ಬಯಲುಸೀಮೆಯವರಿಗೆ ಇದು ಅಷ್ಟಾಗಿ ಕಾಡದು. ನಮ್ಮಲ್ಲಿ ಯಾವ ಬೀದಿಯ ಫೋಟೊ ತೆಗೆದರೂ ಮೂಲೆಯಲ್ಲೊಂದು ಅಡಕೆ, ಒಂದು ಬಾಳೆ, ಕಾಂಪೌಂಡಿನ ಮೇಲೆ ಪಾಚಿ ಇದ್ದೇ ಇರುತ್ತದೆ, ಮಳೆಗಾಲದಲ್ಲಂತೂ ಆ ಹಸಿರು ಕಿರುಚುತ್ತದೆ. ತಣ್ಣನೆಯ ನೀಲಿ ನೆರಳಿನ ಪಕ್ಕ ಆ ಎಳೆಹಸಿರು ಕೂತರೆ ಲುಕ್ ಕೆಟ್ಟಹಾಗೇ. ಕರ್ವ್ಸ್‌ನ ಹಸಿರು ಚಾನೆಲ್ ಇಳಿಸೋಣ ಅಂದರೆ ಮೋಡವೂ ನಸುಗೆಂಪಾಗುತ್ತದೆ. ಇರುವ ದಾರಿ ಬ್ರಷ್‌ನ ಸ್ಯಾಚುರೇಶನ್ ಮೈನಸ್ 10 ಹಿಡಿದು ಗಿಡದ ಮೇಲೆ ಕೈಯಾರೆ ಬಳಿಯುವುದು. ಇದೊಂದು ವಿಷಯದಲ್ಲಿ ಲೈಟ್‌ರೂಮ್ ಎಂಬ ಇನ್ನೊಂದು ಆ್ಯಪಿನ ಮೊಬೈಲ್ ಆವೃತ್ತಿ ಮೇಲು. ಅದರ ಕಲರ್ ಮಿಕ್ಸ್‌ನಲ್ಲಿ ಹಸಿರನ್ನಷ್ಟೇ ಹಿಡಿದು ಸ್ಯಾಚುರೇಶನ್ ಮೈನಸ್ 40 ಮಾಡಬಹುದು, ಚಂದಾ ಬೇಡ. ಅಲ್ಲಿ ಚಂದಾ ಕೇಳುವುದು ಆಕಾಶವನ್ನು ತಾನೇ ಆಯ್ದುಕೊಡುವ ಮಾಸ್ಕ್‌ಗೆ. ಹಾಗಾಗಿ ಹಸಿರನ್ನು ಲೈಟ್‌ರೂಮಿನಲ್ಲಿ ಇಳಿಸಿ, ಉಳಿದದ್ದಕ್ಕೆ ಸ್ನ್ಯಾಪ್‌ಸೀಡಿಗೆ ಬರುವುದು ಜಿಪುಣರಿಗೆ ಸರಿಯಾದ ಮಾರ್ಗ.

ಕಪ್ಪು-ಬಿಳುಪಿಗೆ ಹೋಗುವವರಿಗೆ ಒಂದು ಎಚ್ಚರ. ಬ್ಲ್ಯಾಕ್ ಅಂಡ್ ವೈಟ್‌ನಲ್ಲಿ ಬಣ್ಣದ ಫಿಲ್ಟರ್‌ಗಳಿವೆ, ಆಕಾಶ ಕಪ್ಪಾಗಲೆಂದು ಎಲ್ಲರೂ ಕೆಂಪು ಆರಿಸುತ್ತಾರೆ. ಕೆಂಪು ಫಿಲ್ಟರ್ ಕಪ್ಪು ಮಾಡುವುದು ನೀಲಿಯನ್ನು. ಬೂದು ಮೋಡಕ್ಕೆ ಅದರಿಂದ ಏನೂ ಆಗದು. ಬದಲಿಗೆ ಕೆಂಪಾಗಿದ್ದದ್ದು ಬೆಳ್ಳಗಾಗುತ್ತದೆ. ಮಾರಿಕಾಂಬೆ ಗುಡಿಯ ಕೆಂಪು ಮುಂಭಾಗಕ್ಕೆ ಹಾಕಿ ನೋಡಿ, ಸುಣ್ಣ ಹೊಡೆಸಿದಂತಿರುತ್ತದೆ. ಅಲ್ಲಿಗೆ ಹಸಿರು ಫಿಲ್ಟರೇ ಸರಿ.

ಡ್ರಾಮಾ ಸಲೀಸಾಗಿ ಒಪ್ಪುವ ಜಾಗವೂ ಇದೆ. ಕಾರವಾರದ ಟ್ಯಾಗೋರ್ ಕಡಲತೀರದ ಚಾಪೆಲ್ ಯುದ್ಧನೌಕೆ, ಅದರ ಹತ್ತಿರದ ಟುಪೊಲೆವ್ ವಿಮಾನ: ಬೂದು ಲೋಹ, ರಿವೆಟ್ಟು, ಬೆಸುಗೆಯ ಗೆರೆ. ಇವಕ್ಕೆ 50ರವರೆಗೂ ಹೋಗಬಹುದು, ಮೇಲ್ಮೈಯ ಸಣ್ಣ ವಿವರ ಎತ್ತಿ ತೋರಿಸುವ ಡೀಟೇಲ್ಸ್‌ನ ಸ್ಟ್ರಕ್ಚರ್ 15 ಸೇರಿಸಿದರೂ ಕೆಡದು. ಮುಂದೆ ಯಾರಾದರೂ ನಿಂತಿದ್ದರೆ ಕುಂಚ ಬಳಿಯುವಾಗ ಮುಖವನ್ನು ಹೊರಗಿಡಿ, ಇಲ್ಲವಾದರೆ ಇಪ್ಪತ್ತರ ಹುಡುಗನಿಗೂ ಅರವತ್ತರ ಸುಕ್ಕು. ಆದರೆ ಅಲ್ಲಿಂದ ಕೋಡಿಬಾಗದ ಕಡೆ ಹೋಗಿ ಕಾಳಿ ಹೊಳೆಯ ಅಳಿವೆ, ಆಚೆ ದಡದ ಸದಾಶಿವಗಡ ತೆಗೆದರೆ ಲೆಕ್ಕ ಬೇರೆ. ಹೊಳೆಯ ಮೇಲಿನ ಮಬ್ಬು ಒಂದರ ಹಿಂದೊಂದು ಪದರವಾಗಿ ಗುಡ್ಡವನ್ನು ದೂರ ತಳ್ಳಿರುತ್ತದೆ. ಡ್ರಾಮಾ ಆ ಮಬ್ಬನ್ನು ಸೀಳಿ ಗುಡ್ಡವನ್ನು ಸೇತುವೆಯ ಬೆನ್ನಿಗೆ ತಂದು ಅಂಟಿಸುತ್ತದೆ. ಅಲ್ಲಿ ಕರ್ವ್ಸ್ ಒಂದೇ ಸಾಕು, ಸ್ಟ್ರಕ್ಚರ್ ಮೈನಸ್ 10 ಮಾಡಿದರೂ ಚೆಂದವೇ. ಅಂದಹಾಗೆ 2024ರ ಆಗಸ್ಟ್ 7ರಂದು ಕುಸಿದ ಕಾಳಿ ಹಳೆ ಸೇತುವೆಯಂಥ ಸುದ್ದಿಚಿತ್ರಗಳಿಗೆ ಈ ಯಾವ ಉಪಚಾರವೂ ಸಲ್ಲದು, ನೇರ ಮಾಡಿ ಕತ್ತರಿಸಿದರೆ ಮುಗಿಯಿತು. ಇನ್ನು ಅರಗಾದ ನೌಕಾನೆಲೆಯ ಕಡೆ ಮೋಡ ಎಷ್ಟೇ ಚೆಂದ ಕಟ್ಟಿದ್ದರೂ ಫೋನು ಜೇಬಿನಲ್ಲೇ ಇರಲಿ.

ತೆಗೆಯುವಾಗಲೇ ಅರ್ಧ ಕೆಲಸ ಉಳಿಸಬಹುದು. ಬಲ್ಬಿನ ಮೇಲೆ ಬೆರಳೊತ್ತಿ ಎಕ್ಸ್‌ಪೋಶರ್ ಮೈನಸ್ 0.7ರಿಂದ 1ಕ್ಕೆ ಎಳೆಯಿರಿ. ಒಮ್ಮೆ ಬಿಳಿಯಾಗಿ ಹೋದ ಬಲ್ಬನ್ನು ಯಾವ ಹೈಲೈಟ್ಸ್ ಸ್ಲೈಡರೂ ವಾಪಸ್ ತರದು. ಸೂರ್ಯ ಮುಳುಗಿ ಹದಿನೈದರಿಂದ ಇಪ್ಪತ್ತೈದು ನಿಮಿಷದೊಳಗೆ ಆಕಾಶದ ನೀಲಿಯೂ ಬಲ್ಬಿನ ಹಳದಿಯೂ ಸರಿಸಮ ಆಗುತ್ತವೆ. ಇಲ್ಲಿ ಸೂರ್ಯ ಮುಳುಗುವುದು ಜೂನ್ ಕೊನೆಗೆ ಏಳರ ಆಸುಪಾಸು, ಡಿಸೆಂಬರ್‌ನಲ್ಲಿ ಆರರ ಆಸುಪಾಸು. ಫೋನಿನಲ್ಲಿ ರಾ (ಕ್ಯಾಮೆರಾ ಕಂಡದ್ದನ್ನು ಸಂಸ್ಕರಿಸದೆ ಉಳಿಸುವ ಬಗೆ) ಇದ್ದರೆ ಅದರ ಡಿಎನ್‌ಜಿ ಫೈಲಿನಲ್ಲೇ ತೆಗೆಯಿರಿ, ಸ್ನ್ಯಾಪ್‌ಸೀಡ್ ಅದನ್ನು ತೆರೆಯುತ್ತದೆ, ಪಟ್ಟೆಯ ಕಾಟ ಬಹುಮಟ್ಟಿಗೆ ಹೋಗುತ್ತದೆ. ಕರಾವಳಿಯಲ್ಲಿ ಲೆನ್ಸ್ ಮೇಲೆ ಉಪ್ಪುಗಾಳಿಯ ಪೊರೆ ಕೂತು ದೀಪಗಳಿಂದ ಉದ್ದುದ್ದ ಗೆರೆ ಹೊರಡುತ್ತದೆ, ಹತ್ತಿ ಬಟ್ಟೆಯಲ್ಲಿ ಒರೆಸಿ. ಏಸಿ ಕಾರಿನಿಂದ ಇಳಿದ ಕೂಡಲೇ ತೆಗೆದರೆ ಬರುವ ಮಂಜು ಲೆನ್ಸಿನದು, ಊರಿನದಲ್ಲ. ಐದು ನಿಮಿಷ ಕಾಯಿರಿ.

ಎಡಿಟ್ ಮಾಡುವಾಗ ಪರದೆಯ ಬೆಳಕು ಅರ್ಧಕ್ಕೆ ಇರಲಿ, ಕಣ್ಣಿಗೆ ಹಿತವೆಂದು ಹಾಕಿದ ಹಳದಿ ಮೋಡ್ ಆಫ್ ಮಾಡಿ. ರಾತ್ರಿ ಪೂರ್ತಿ ಬೆಳಕಿನಲ್ಲಿ ಮಾಡಿದ್ದು ಬೆಳಿಗ್ಗೆ ಬೇರೆಯವರ ಫೋನಿನಲ್ಲಿ ಕಪ್ಪು ಹಲಗೆಯಾಗಿರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಕತ್ತಲ ಭಾಗ ಚೌಕಚೌಕ ಒಡೆಯುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿ.

ಪ್ರಿಂಟ್ ಹಾಕಿಸುವುದಾದರೆ ಬೇರೆ ಪ್ರತಿ ಬೇಕು. ಪರದೆ ತಾನೇ ಬೆಳಗುತ್ತದೆ, ಕಾಗದಕ್ಕೆ ಮೇಲೆ ಬಿದ್ದ ಬೆಳಕಷ್ಟೇ ಗತಿ. ವ್ಯೂ ಎಡಿಟ್ಸ್‌ನಲ್ಲಿ ಟ್ಯೂನ್ ಇಮೇಜ್‌ಗೆ ಹಿಂದಿರುಗಿ ಮೈನಸ್ 15 ಇದ್ದ ಬ್ರೈಟ್‌ನೆಸ್ಸನ್ನು ಮೈನಸ್ 3ಕ್ಕೆ ತಂದು, ಜೆಪಿಇಜಿ 100ರಲ್ಲಿ ಎಕ್ಸ್‌ಪೋರ್ಟ್ ಮಾಡಿ. 12×18 ಇಂಚಿಗೆ ದುಡ್ಡು ಕೊಡುವ ಮೊದಲು 4×6ರಲ್ಲಿ ಒಂದು ಹಾಕಿಸಿ, ಸ್ಟುಡಿಯೋದ ಟ್ಯೂಬ್‌ಲೈಟಿನ ಕೆಳಗೆ ನೋಡಿ ತೀರ್ಮಾನಿಸಬೇಡಿ. ಮನೆಗೆ ತಂದು, ತೂಗುಹಾಕುವ ಗೋಡೆಗೇ ಹಿಡಿದು ನೋಡಿ. ಕೊಡೆಯ ಬಟ್ಟೆಯ ಮಡಿಕೆ ಕಾಣದಿದ್ದರೆ ಬ್ರೈಟ್‌ನೆಸ್ ಇನ್ನೊಂದು 5 ಏರಿಸಿ.