ಅಡಾಪ್ಟರ್ ಸಮೇತ ಬರುವ ನಾಲ್ಕು ಪೋರ್ಟಿನ ಯುಎಸ್‌ಬಿ 3.0 ಹಬ್: ಎರಡು ಬೇಸಿಗೆ ಬಳಸಿದ ಮೇಲೆ

ಫೈಲ್ ಕಾಪಿ ನಿಧಾನ ಆಗುತ್ತದೆ ಎಂಬ ಒಂದೇ ಕಾರಣಕ್ಕೆ ಇದನ್ನು ಕೊಳ್ಳುವವರಿದ್ದರೆ ಸ್ವಲ್ಪ ತಡೆಯಿರಿ. ಹಬ್ ತಾನಾಗಿ ವೇಗ ಹುಟ್ಟಿಸುವುದಿಲ್ಲ. ಕಂಪ್ಯೂಟರಿನ ಒಂದು ಪೋರ್ಟಿನ ವೇಗವನ್ನು ನಾಲ್ಕು ಕಡೆ ಹಂಚುತ್ತದೆ, ಕರೆಂಟ್ ಸಾಲದೆ ಒದ್ದಾಡುವ ಡಿಸ್ಕಿಗೆ ಕರೆಂಟ್ ಕೊಡುತ್ತದೆ. ಈ ಎರಡು ಕೆಲಸವನ್ನು ಇದು ಅಚ್ಚುಕಟ್ಟಾಗಿ ಮಾಡುತ್ತದೆ, ಹಾಗಾಗಿ ಐದಕ್ಕೆ ನಾಲ್ಕು ಸ್ಟಾರ್.

ಬಳಕೆ ಹೀಗಿದೆ: ವಿಜಯಪುರದಲ್ಲಿ ಮನೆಯ ಅಸೆಂಬಲ್ಡ್ ಡೆಸ್ಕ್‌ಟಾಪ್, ಎಚ್81 ಚಿಪ್‌ಸೆಟ್ಟಿನ ಮದರ್‌ಬೋರ್ಡ್, ವಿಂಡೋಸ್ 10. ಹಬ್ಬಿಗೆ ಸದಾ ಜೋಡಿಸಿರುವುದು 2.5 ಇಂಚಿನ ಹಾರ್ಡ್‌ಡಿಸ್ಕ್, ಕೇಸಿನಲ್ಲಿ ಕೂರಿಸಿದ ಸಾಟಾ ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ ವೇಗದ ಡಿಸ್ಕ್), ಮತ್ತೊಂದು ಕಾರ್ಡ್ ರೀಡರ್. ಲಗ್ನದ ಸೀಜನ್ನಿನಲ್ಲಿ ಕ್ಯಾಮೆರಾ ಕಾರ್ಡುಗಳನ್ನು ಖಾಲಿ ಮಾಡುವುದೇ ದೊಡ್ಡ ಕೆಲಸ.

ವೇಗದ ಲೆಕ್ಕ. ಹಾರ್ಡ್‌ಡಿಸ್ಕ್ ನೇರವಾಗಿ ಜೋಡಿಸಿದರೂ ಹಬ್ಬಿನ ಮೂಲಕ ಜೋಡಿಸಿದರೂ ಸೆಕೆಂಡಿಗೆ 110ರ ಆಸುಪಾಸಿನ ಎಂಬಿ ಕೊಡುತ್ತದೆ, ವ್ಯತ್ಯಾಸವಿಲ್ಲ. ತಿರುಗುವ ಡಿಸ್ಕಿನ ಮಿತಿಯೇ ಅದು. ಎಸ್‌ಎಸ್‌ಡಿ ಮಾತ್ರ ನೇರ ಪೋರ್ಟಿನಲ್ಲಿ 430, ಹಬ್ಬಿನಲ್ಲಿ 400ಕ್ಕೆ ಇಳಿಯುತ್ತದೆ. 5 ಗಿಗಾಬಿಟ್ ಎಂದು ಡಬ್ಬಿಯ ಮೇಲೆ ಬರೆದಿರುವುದರಲ್ಲಿ ಐದನೇ ಒಂದು ಭಾಗ ಎನ್‌ಕೋಡಿಂಗಿಗೇ (ತಂತಿಯಲ್ಲಿ ಕಳಿಸಲು ಸೇರಿಸುವ ಹೆಚ್ಚುವರಿ ಬಿಟ್‌ಗಳಿಗೆ) ಹೋಗುತ್ತದೆ, ಉಳಿಯುವುದು 4 ಗಿಗಾಬಿಟ್; ಎಂಟು ಬಿಟ್ಟಿಗೆ ಒಂದು ಬೈಟಿನಂತೆ ಸೆಕೆಂಡಿಗೆ 500 ಎಂಬಿ, ಅದರಲ್ಲೂ ಕೈಗೆ ಸಿಗುವುದು 400–450. 10 ಗಿಗಾಬಿಟ್ಟಿನ ಎನ್‌ವಿಎಂಇ (ಇನ್ನೂ ವೇಗದ ಎಸ್‌ಎಸ್‌ಡಿ) ಕೇಸ್ ಇದ್ದವರು ಅದನ್ನು ಇದಕ್ಕೆ ಜೋಡಿಸಿದರೆ ಅರ್ಧ ವೇಗ ಕಳೆದುಕೊಂಡಂತೆಯೇ.

ನಿಮ್ಮ ಕಾಪಿ ಸೆಕೆಂಡಿಗೆ 30–40 ಎಂಬಿಗೆ ಗೂಟ ಹೊಡೆದಂತೆ ನಿಂತಿದ್ದರೆ ಅದು ಯುಎಸ್‌ಬಿ 2.0 ಸಂಪರ್ಕದ ಗುರುತು. 64 ಜಿಬಿ ಕಾರ್ಡ್ ಖಾಲಿ ಮಾಡಲು ಆ ವೇಗದಲ್ಲಿ ಅರ್ಧ ಗಂಟೆ ಬೇಕು. ಅದೇ ಕಾರ್ಡ್ ಒಳ್ಳೆಯ 3.0 ರೀಡರಿನಲ್ಲಿ 90 ಎಂಬಿ ಕೊಟ್ಟರೆ ಹನ್ನೆರಡು ನಿಮಿಷ. ಹಬ್ಬಿಗೆ ದುಡ್ಡು ಹಾಕುವ ಮೊದಲು ಕೇಬಲ್ ನೋಡಿ. ಮೊಬೈಲ್ ಚಾರ್ಜರಿನ ಜೊತೆ ಬರುವ ಟೈಪ್-ಸಿ ಕೇಬಲ್ ಬಹುತೇಕ 2.0 ತಂತಿಗಳಷ್ಟೇ ಇರುವಂಥದ್ದು, ಎಸ್‌ಎಸ್‌ಡಿಗೆ ಅದನ್ನು ಹಾಕಿದರೆ ಸಾವಿರಾರು ರೂಪಾಯಿಯ ಡ್ರೈವ್ ಕೂಡ ಪೆನ್‌ಡ್ರೈವಿನ ಹಾಗೆ ತೆವಳುತ್ತದೆ. ದೊಡ್ಡ ಪಿನ್ನಿನ (ಟೈಪ್-ಎ) ಕೇಬಲ್ ಆದರೆ ಒಳಗೆ ಇಣುಕಿ: ನಾಲ್ಕೇ ಪಟ್ಟಿ ಇದ್ದರೆ 2.0, ಹಿಂದುಗಡೆ ಇನ್ನೂ ಐದು ಪಟ್ಟಿ ಇದ್ದರೆ 3.0. ನೀಲಿ ಬಣ್ಣವನ್ನು ಪೂರ್ತಿ ನಂಬಬೇಡಿ, ನೀಲಿ ಪ್ಲಾಸ್ಟಿಕ್ ಹಾಕಿದ 2.0 ಕೇಬಲ್‌ಗಳೂ ಮಾರುಕಟ್ಟೆಯಲ್ಲಿವೆ.

ಇನ್ನೊಂದು ಸಣ್ಣ ವಿಷಯ, ಹೆಚ್ಚಿನವರಿಗೆ ಗೊತ್ತಿಲ್ಲ. ಪಿನ್ನನ್ನು ನಿಧಾನವಾಗಿ ಒತ್ತಿದರೆ ಮುಂಭಾಗದ 2.0 ಪಟ್ಟಿಗಳು ಮೊದಲು ತಾಗಿ, ಡ್ರೈವ್ 2.0 ಆಗಿಯೇ ಗುರುತಾಗಿಬಿಡಬಹುದು. ತೆಗೆದು, ಒಂದೇ ಸಲಕ್ಕೆ ಪೂರ್ತಿ ಒಳಗೆ ತಳ್ಳಿ. ಸಂಪರ್ಕ ಯಾವ ವೇಗದಲ್ಲಿದೆ ಎಂದು ಖಚಿತ ಮಾಡಿಕೊಳ್ಳಲು ವಿಂಡೋಸ್‌ನಲ್ಲಿ ಯುಎಸ್‌ಬಿ ಟ್ರೀ ವ್ಯೂ ಎಂಬ ಉಚಿತ ತಂತ್ರಾಂಶವಿದೆ. ಲಿನಕ್ಸ್ ಇದ್ದರೆ ಟರ್ಮಿನಲ್ಲಿನಲ್ಲಿ lsusb -t ಎಂದು ಕೊಟ್ಟು ಯುಎಸ್‌ಬಿ ಪಟ್ಟಿಯನ್ನು ಮರದ ರೂಪದಲ್ಲಿ ತೆಗೆದಾಗ ಸಾಲಿನ ಕೊನೆಗೆ 480 (2.0 ವೇಗ) ಅಥವಾ 5000 (3.0 ವೇಗ) ಎಂದು ಕಾಣುತ್ತದೆ. 480 ಕಂಡರೆ ಕೇಬಲ್, ಪೋರ್ಟ್, ಕ್ಯಾಬಿನೆಟ್ಟಿನ ಮುಂಭಾಗದ ವೈರ್ ಈ ಮೂರರಲ್ಲಿ ಒಂದು ತಪ್ಪಿತಸ್ಥ. ಮುಂಭಾಗದ ಪೋರ್ಟಿನಿಂದ ಬೋರ್ಡಿಗೆ ಹೋಗುವ 19 ಪಿನ್ನಿನ ದಪ್ಪ ಕನೆಕ್ಟರ್ ಸ್ವಲ್ಪ ಸಡಿಲಾದರೂ, ಒಂದು ಪಿನ್ ಬಾಗಿದರೂ ವೇಗ ಬೀಳುತ್ತದೆ. ಅದಕ್ಕೇ ಪರೀಕ್ಷೆಯನ್ನು ಯಾವಾಗಲೂ ಬೋರ್ಡಿನ ಹಿಂಭಾಗದ ಪೋರ್ಟಿನಿಂದ ಶುರು ಮಾಡಬೇಕು. ಹಬ್ಬನ್ನು ಜೋಡಿಸುವುದೂ ಅಲ್ಲಿಗೇ.

5000 ಕಂಡೂ ನಿಧಾನ ಇದ್ದರೆ ಡ್ರೈವ್‌ನದೇ ಸಮಸ್ಯೆ. ಅಗ್ಗದ ಪೆನ್‌ಡ್ರೈವ್ ಮೊದಲ ಒಂದೆರಡು ಜಿಬಿ ಜೋರಾಗಿ ಬರೆದು ಆಮೇಲೆ 10–20 ಎಂಬಿಗೆ ಕುಸಿಯುತ್ತದೆ, ಅದರ ಕ್ಯಾಶ್ (ಡೇಟಾ ತಾತ್ಕಾಲಿಕವಾಗಿ ಕೂರುವ ವೇಗದ ಜಾಗ) ತುಂಬಿರುತ್ತದೆ ಅಷ್ಟೇ. ಸಾವಿರಾರು ಸಣ್ಣ ಫೈಲುಗಳಿದ್ದರೂ ಹಾಗೆಯೇ; ಎಲ್ಲವನ್ನೂ ಒಂದು ಜಿಪ್ ಮಾಡಿ ಕಳಿಸಿ ನೋಡಿ, ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಇವಕ್ಕೆ ಯಾವ ಹಬ್ಬೂ ಮದ್ದಲ್ಲ.

ಈ ಹಬ್ ನಿಜವಾಗಿ ದುಡ್ಡು ದುಡಿಯುವುದು ಕರೆಂಟಿನ ವಿಷಯದಲ್ಲಿ. 2.0 ಪೋರ್ಟ್ 500 ಮಿಲಿ ಆಂಪಿಯರ್, 3.0 ಪೋರ್ಟ್ 900 ಮಿಲಿ ಆಂಪಿಯರ್ ಕೊಡಬೇಕೆಂಬುದು ನಿಯಮ. 2.5 ಇಂಚಿನ ಡಿಸ್ಕ್ ತಿರುಗಲು ಶುರುವಾಗುವ ಗಳಿಗೆಯಲ್ಲಿ ಒಂದು ಆಂಪಿಯರ್ ಹತ್ತಿರ ಎಳೆಯುತ್ತದೆ. ಹಳೆಯ ಬೋರ್ಡ್, ಉದ್ದನೆಯ ಸಣಕಲು ಕೇಬಲ್ ಸೇರಿದರೆ ಡಿಸ್ಕಿನ ತುದಿಯಲ್ಲಿ ವೋಲ್ಟೇಜ್ ಇಳಿದು, ಡಿಸ್ಕಿನೊಳಗಿನ ಓದುವ ತಲೆ ಟಿಕ್ ಟಿಕ್ ಎಂದು ಬಡಿಯುವ ಸದ್ದು, ನಡುವೆ ಕಳಚಿ ಮತ್ತೆ ಸೇರುವ ಸದ್ದು, ಕಾಪಿ ಸೊನ್ನೆಗೆ ಬಂದು ನಿಲ್ಲುವುದು. ಇದು ನೋಡಲು ವೇಗದ ಸಮಸ್ಯೆ, ಒಳಗೆ ಕರೆಂಟಿನ ಕೊರತೆ. ಇದರ ಅಡಾಪ್ಟರ್ 12 ವೋಲ್ಟ್ 2 ಆಂಪಿಯರ್, ಅಂದರೆ 24 ವಾಟ್; ಒಳಗೆ 5 ವೋಲ್ಟಿಗೆ ಇಳಿಸುವಾಗಿನ ನಷ್ಟ ಕಳೆದರೂ ನಾಲ್ಕು ಆಂಪಿಯರಿನಷ್ಟು ಸಿಗುತ್ತದೆ. ನಾಲ್ಕು ಪೋರ್ಟಿಗೆ 900ರಂತೆ 3.6 ಆಂಪಿಯರ್ ಬೇಕು, ಲೆಕ್ಕ ಸರಿಹೋಗುತ್ತದೆ. 5 ವೋಲ್ಟ್ 2 ಆಂಪಿಯರ್ ಅಡಾಪ್ಟರ್ ಕೊಟ್ಟು ಏಳು ಪೋರ್ಟ್ ಎಂದು ಮಾರುವ ಹಬ್ಬುಗಳನ್ನು ಈ ಲೆಕ್ಕಕ್ಕೆ ಹಚ್ಚಿ ನೋಡಿ.

ನಮ್ಮ ಕಡೆಯವರಿಗೆ ಒಂದು ಎಚ್ಚರಿಕೆ. ಕಂಪ್ಯೂಟರ್ ಯುಪಿಎಸ್ ಮೇಲಿದ್ದು ಹಬ್ಬಿನ ಅಡಾಪ್ಟರ್ ಗೋಡೆಯ ಪ್ಲಗ್ಗಿನಲ್ಲಿದ್ದರೆ, ಲೈಟ್ ಹೋದ ಕ್ಷಣ ಸ್ಕ್ರೀನ್ ಉರಿಯುತ್ತಲೇ ಇರುತ್ತದೆ, ಡಿಸ್ಕ್ ಮಾತ್ರ ಬರೆಯುತ್ತಿದ್ದ ಜಾಗದಲ್ಲೇ ಕಳಚುತ್ತದೆ. ಅಡಾಪ್ಟರನ್ನೂ ಯುಪಿಎಸ್‌ನ ಬ್ಯಾಟರಿ ಸಾಕೆಟ್ಟಿಗೇ ಹಾಕಿ. ಇದೇ ಕಾರಣಕ್ಕೆ ಡಿವೈಸ್ ಮ್ಯಾನೇಜರಿನಲ್ಲಿ ಡಿಸ್ಕಿನ ಪಾಲಿಸೀಸ್ ಟ್ಯಾಬಿಗೆ ಹೋಗಿ ಬೆಟರ್ ಪರ್ಫಾರ್ಮನ್ಸ್ ಆರಿಸುವ ಸಲಹೆಯನ್ನು ನಾವು ಒಪ್ಪುವುದಿಲ್ಲ. ಬರೆಯುವ ವೇಗ ತುಸು ಏರುತ್ತದೆ ನಿಜ, ಆದರೆ ಕ್ಯಾಶಿನಲ್ಲಿದ್ದದ್ದು ಲೈಟಿನ ಜೊತೆಗೇ ಹೋಗುತ್ತದೆ. ಬದಲಿಗೆ ಪವರ್ ಆಪ್ಷನ್ಸ್‌ನ ಅಡ್ವಾನ್ಸ್ಡ್ ಸೆಟ್ಟಿಂಗಿನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಅನ್ನು ಡಿಸೇಬಲ್ ಮಾಡಿ. ಸ್ವಲ್ಪ ಹೊತ್ತು ಸುಮ್ಮನಿದ್ದ ಡಿಸ್ಕ್ ಎಚ್ಚರಗೊಳ್ಳಲು ತಡಕಾಡುವುದು ನಿಲ್ಲುತ್ತದೆ.

ಕೀಬೋರ್ಡ್, ಮೌಸ್ ಹಾಕಿದರೆ ಇಡೀ ಹಬ್ 2.0 ವೇಗಕ್ಕೆ ಇಳಿಯುತ್ತದೆ ಎಂದು ಅಂಗಡಿಯವರೂ ಹೇಳುವುದುಂಟು. ತಪ್ಪು. 3.0 ಹಬ್ಬಿನೊಳಗೆ 2.0ಕ್ಕೆ ಬೇರೆಯೇ ದಾರಿ, ಬೇರೆಯೇ ತಂತಿ. ಆದರೆ ವೈರ್‌ಲೆಸ್ ಮೌಸಿನ ಪುಟ್ಟ ರಿಸೀವರನ್ನು ಡಿಸ್ಕಿನ ಪಕ್ಕದ ಪೋರ್ಟಿಗೆ ಚುಚ್ಚಬೇಡಿ. 3.0 ಸಂಪರ್ಕ ಹೊರಸೂಸುವ ಗದ್ದಲ ಮೌಸ್ ಬಳಸುವ 2.4 ಗಿಗಾಹರ್ಟ್ಸ್ ತರಂಗ ಪಟ್ಟಿಯಲ್ಲೇ ಬೀಳುತ್ತದೆ, ಇಂಟೆಲ್ 2012ರಲ್ಲೇ ಇದನ್ನು ದಾಖಲಿಸಿದೆ. ಕಾಪಿ ಶುರುವಾದೊಡನೆ ಮೌಸ್ ಎಡವುತ್ತಿದ್ದರೆ ಕಾರಣ ಅದೇ. ರಿಸೀವರನ್ನು ದೂರದ ಕಪ್ಪು (2.0) ಪೋರ್ಟಿಗೆ ಸ್ಥಳಾಂತರಿಸಿ.

ಈಗ ಕಡಿಮೆ ಮಾಡಿದ ಆ ಒಂದು ಸ್ಟಾರಿನ ಮಾತು. ಜೊತೆಗೆ ಬಂದ ಕೇಬಲ್ ಒಂದು ಮೀಟರ್, ಸಾಧಾರಣ ಗುಣಮಟ್ಟದ್ದು. ಮೊದಲ ಬೇಸಿಗೆ ಮುಗಿಯುವಷ್ಟರಲ್ಲಿ ಹಬ್ಬಿನ ಕಡೆಯ ತುದಿ ಸಡಿಲಾಗಿ ಎಸ್‌ಎಸ್‌ಡಿ ಆಗಾಗ 2.0ಕ್ಕೆ ಜಾರುತ್ತಿತ್ತು, ಅರ್ಧ ಮೀಟರಿನ ದಪ್ಪ ಕೇಬಲ್ ಹಾಕಿದ ಮೇಲೆ ಸರಿಯಾಯಿತು. ಎರಡನೆಯದು, ಕಂಪ್ಯೂಟರ್ ಆಫ್ ಮಾಡಿದರೂ ಬೋರ್ಡಿನ ಲೈಟ್ ಮಂದವಾಗಿ ಉರಿಯುತ್ತದೆ. ಅಂದರೆ ಹಬ್ಬಿನ 5 ವೋಲ್ಟ್ ಕೇಬಲ್ಲಿನಲ್ಲಿ ಹಿಂದಕ್ಕೆ ಹರಿಯುತ್ತಿದೆ. ಇದು ವಿನ್ಯಾಸದ ದೋಷ, ಬೋರ್ಡಿಗೆ ಒಳ್ಳೆಯದಲ್ಲ. ಸದ್ಯಕ್ಕೆ ಉಪಾಯ, ಅಡಾಪ್ಟರನ್ನು ಸ್ವಿಚ್ಚಿರುವ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ಕಂಪ್ಯೂಟರಿನ ಜೊತೆಗೇ ಬಂದ್ ಮಾಡುವುದು.

ಏಪ್ರಿಲ್, ಮೇ ಬಿಸಿಲಿಗೆ ಹಬ್ಬಿನ ಮೈ ಕೈಗೆ ಬಿಸಿ ಹತ್ತುತ್ತದೆ, ಆದರೂ ಕಳಚಿದ್ದಿಲ್ಲ. ಕ್ಯಾಬಿನೆಟ್ಟಿನ ಮೇಲೆ ಇಡದೆ ಗಾಳಿ ಆಡುವ ಕಡೆ ಇಟ್ಟರೆ ಸಾಕು. ಎರೆಮಣ್ಣಿನ ನುಣ್ಣನೆಯ ಧೂಳು ಖಾಲಿ ಪೋರ್ಟಿನೊಳಗೆ ಕೂರುತ್ತದೆ. ರಬ್ಬರ್ ಮುಚ್ಚಳ ಹಾಕಿಡಿ, ಕೂತಿದ್ದರೆ ಬ್ಲೋವರಿನಿಂದ ಊದಿ. ಹತ್ತಿ ಸುತ್ತಿದ ಕಡ್ಡಿ ಬೇಡ, ಎಳೆ ಒಳಗೇ ಉಳಿಯುತ್ತದೆ.

ಎಚ್61 ಬೋರ್ಡ್ ಇದ್ದವರು ಇದನ್ನು ಕೊಳ್ಳುವ ಮೊದಲು ಹಿಂಭಾಗ ನೋಡಿ. ಆ ಚಿಪ್‌ಸೆಟ್ಟಿನಲ್ಲಿ 3.0 ಇಲ್ಲವೇ ಇಲ್ಲ, ಕೆಲವು ಬೋರ್ಡುಗಳಲ್ಲಿ ಮಾತ್ರ ಬೇರೆ ಚಿಪ್ ಹಾಕಿ ಕೊಟ್ಟಿರುತ್ತಾರೆ. ಕಪ್ಪು ಪೋರ್ಟುಗಳಷ್ಟೇ ಇದ್ದರೆ ಹಬ್ಬಿನ ದುಡ್ಡಿಗೆ ಒಂದು ಪಿಸಿಐ ಎಕ್ಸ್‌ಪ್ರೆಸ್ ಯುಎಸ್‌ಬಿ 3.0 ಕಾರ್ಡ್ ತರುವುದು ಮೇಲು, ಎಸ್‌ಎಂಪಿಎಸ್‌ನಿಂದ (ಕ್ಯಾಬಿನೆಟ್ಟಿನೊಳಗಿನ ಪವರ್ ಸಪ್ಲೈ) ಪ್ರತ್ಯೇಕ ಪವರ್ ವೈರ್ ಚುಚ್ಚುವ ಜಾಗ ಇರುವಂಥದ್ದನ್ನೇ ಕೇಳಿ ತನ್ನಿ.