ಕತ್ತಿನ ಇಂಜೆಕ್ಷನ್, ಸ್ಟೀರಾಯ್ಡ್, ಎನಿಮಾ: ನನ್ನ ಕರುಳಿಗೆ ಯಾವುದು ಹಿಡಿಸಿತು

ವಿಜಯಪುರ ಬಸ್ ಸ್ಟ್ಯಾಂಡಿನಲ್ಲಿ ಇಳಿದ ತಕ್ಷಣ ಶೌಚಾಲಯ ಹುಡುಕುವುದು ಮೂರು ವರ್ಷ ನನ್ನ ಪಾಡಾಗಿತ್ತು. ನನಗಿರುವುದು ಅಲ್ಸರೇಟಿವ್ ಕೊಲೈಟಿಸ್. ದೊಡ್ಡ ಕರುಳಿನ ಒಳಪದರದಲ್ಲಿ ಉರಿಯೂತ, ಹುಣ್ಣು. ಜಾಸ್ತಿಯಾದಾಗ ದಿನಕ್ಕೆ ಹತ್ತು ಸಲ ರಕ್ತ ಬೆರೆತ ಭೇದಿ.

ಮೊದಲು ಸ್ಟೀರಾಯ್ಡ್ ಕೊಟ್ಟರು. ಪ್ರೆಡ್ನಿಸೊಲೋನ್, ದಿನಕ್ಕೆ 40 ಮಿ.ಗ್ರಾಂ. ವಾರದಲ್ಲೇ ರಕ್ತ ನಿಂತಿತು. ಆದರೆ ಮುಖ ಊದಿತು, ರಾತ್ರಿ ನಿದ್ದೆ ಹತ್ತಲಿಲ್ಲ. ವಾರಕ್ಕೆ 5 ಮಿ.ಗ್ರಾಂನಂತೆ ಇಳಿಸುತ್ತಾ ಬಂದೆವು. ಇದನ್ನು ಒಮ್ಮೆಲೇ ಬಿಡುವ ಹಾಗಿಲ್ಲ, ವರ್ಷಗಟ್ಟಲೆ ನುಂಗುವ ಹಾಗೂ ಇಲ್ಲ.

ಜೊತೆಗೆ ಕರುಳಿನ ಉರಿಯೂತ ಇಳಿಸುವ ಮೆಸಲಮೈನ್ ಮಾತ್ರೆ, ರಾತ್ರಿ ಅದರದೇ ಎನಿಮಾ, ಅಂದರೆ ಗುದದ್ವಾರದಿಂದ ಒಳಗೆ ಬಿಡುವ ಔಷಧ. 60 ಮಿ.ಲೀ.ನ ಸಣ್ಣ ಬಾಟಲಿ. ಎಡಮಗ್ಗುಲಾಗಿ ಮಲಗಿ ಹಾಕಿಕೊಳ್ಳಬೇಕು. ಕರುಳಿನ ಕೊನೆಯ ಭಾಗ ಇರುವುದು ಎಡಕ್ಕೇ ಅಲ್ವಾ, ಔಷಧ ಅಲ್ಲಿಗೇ ಇಳಿಯುತ್ತದೆ. ಮೊದಲ ವಾರ ಹತ್ತು ನಿಮಿಷವೂ ತಡೆಯಲಾಗಲಿಲ್ಲ. ಹಾಸಿಗೆ ಕಲೆಯಾಗುತ್ತದೆ ಅಂತ ಅವ್ವ ಹಳೆಯ ಕೌದಿ ಹಾಸಿಕೊಟ್ಟಳು. ಮೂರನೆಯ ವಾರಕ್ಕೆ ಬೆಳಗಿನವರೆಗೂ ನಿಂತಿತು.

ಆದರೂ ಹೊಟ್ಟೆ ನೋವು ಪೂರ್ತಿ ಬಿಡಲಿಲ್ಲ. ಆಗ ನೆಂಟರೊಬ್ಬರು ನರದ ಇಂಜೆಕ್ಷನ್ ವಿಷಯ ಹೇಳಿದರು. ಸ್ಟೆಲೇಟ್ ಗ್ಯಾಂಗ್ಲಿಯನ್ ಬ್ಲಾಕ್ ಅಂತ. ಕತ್ತಿನ ಬುಡದ ನರಗಂಟಿನ ಹತ್ತಿರ ಲಿಡೋಕೇನ್ ಜಾತಿಯ ಔಷಧ ಬಿಡುತ್ತಾರೆ, ಹಲ್ಲು ಕೀಳುವಾಗ ಜೋಮು ಹಿಡಿಸಲು ಹಾಕುವಂಥದ್ದು. ಒತ್ತಡದಲ್ಲಿ ದೇಹವನ್ನು ಎಬ್ಬಿಸುವ ಆ ನರಗಳ ಅಬ್ಬರ ತಗ್ಗಿದರೆ ಕರುಳಿನ ಉರಿಯೂತವೂ ತಗ್ಗಬಹುದು ಅನ್ನುವುದು ಇದರ ಹಿಂದಿನ ಯೋಚನೆ. ಚೀನಾದಲ್ಲಿ ಸಣ್ಣ ಅಧ್ಯಯನಗಳಾಗಿವೆ. ಆದರೆ ಈ ಕಾಯಿಲೆಗೆ ಅದಿನ್ನೂ ರೂಢಿಯ ಚಿಕಿತ್ಸೆ ಅಲ್ಲ.

ಸ್ಕ್ಯಾನ್ ಪರದೆ ನೋಡುತ್ತಾ ಬಲಗಡೆ ಚುಚ್ಚಿದರು. ಸ್ವಲ್ಪ ಹೊತ್ತಿಗೇ ಬಲಗಣ್ಣಿನ ರೆಪ್ಪೆ ಜೋತುಬಿತ್ತು, ದನಿ ಕುಗ್ಗಿತು, ಬಲಗೈ ಬೆಚ್ಚಗಾಯಿತು. ರೆಪ್ಪೆ ಜೋತುಬಿದ್ದು ಕೈ ಬೆಚ್ಚಗಾದದ್ದು ಔಷಧ ಸರಿಯಾದ ಜಾಗಕ್ಕೆ ಬಿದ್ದ ಗುರುತು, ದನಿ ಕುಗ್ಗಿದ್ದು ಪಕ್ಕದ ನರಕ್ಕೂ ಔಷಧ ಹರಡಿದ್ದರಿಂದ ಅಂದರು. ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ಗಾಬರಿಯಾದಳು: "ಯಪ್ಪಾ, ಕಣ್ಣ್ಯಾಕ ಹಿಂಗಾತೊ?" ಸಂಜೆಗೆ ಎಲ್ಲ ಸರಿಹೋಯಿತು. ಆ ರಾತ್ರಿ ನೋವಿಲ್ಲದೆ ಮಲಗಿದೆ. ಎಷ್ಟು ದಿನದ ಮೇಲೆ!

ತಪ್ಪು ಮಾಡಿದ್ದು ಇಲ್ಲೇ. ನೋವಿಲ್ಲ, ಸುಮ್ನೆ ಎನಿಮಾ ಯಾಕೆ ಅಂತ ನಾನೇ ಬಿಟ್ಟೆ. ಹತ್ತನೇ ದಿನ ರಕ್ತ ಮತ್ತೆ ಕಂಡಿತು. ಇಂಜೆಕ್ಷನ್‌ಗೆ ಮುಂಚೆ ಮಲದ ಕ್ಯಾಲ್‌ಪ್ರೊಟೆಕ್ಟಿನ್ 680 ಇತ್ತು, ಆಮೇಲೆ 710. ಉರಿಯೂತ ಎಷ್ಟಿದೆ ಅಂತ ತಿಳಿಸುವ ಪರೀಕ್ಷೆ ಅದು, 50ರ ಒಳಗಿದ್ದರೆ ನೆಮ್ಮದಿ. ನೋವು ಮಲಗಿತ್ತು, ಹುಣ್ಣು ಎಚ್ಚರವಾಗಿಯೇ ಇತ್ತು.

ನನ್ನ ಮಟ್ಟಿಗೆ ಹೇಳುವುದಾದರೆ, ಬೆಂಕಿ ಹತ್ತಿದಾಗ ಸ್ಟೀರಾಯ್ಡ್, ದಿನನಿತ್ಯಕ್ಕೆ ಮೆಸಲಮೈನ್. ಇಂಜೆಕ್ಷನ್ ನೋವಿಗೆ ಮಾತ್ರ, ಅದೂ ಕರುಳಿನ ಡಾಕ್ಟರಿಗೆ ಹೇಳಿ, ಮಾತ್ರೆ ಬಿಡದೆ. ಮತ್ತೆ ಎನಿಮಾ ಶುರುಮಾಡಿ ನಾಲ್ಕು ತಿಂಗಳಾಯಿತು. ಕ್ಯಾಲ್‌ಪ್ರೊಟೆಕ್ಟಿನ್ 90ಕ್ಕೆ ಬಂದಿದೆ. ಹೋದ ಭಾನುವಾರ ಅವ್ವ ಒಂದು ಬಿಸಿ ಜೋಳದ ರೊಟ್ಟಿ, ಮೊಸರು ಹಾಕಿಕೊಟ್ಟಳು. ತಿಂದೆ. ಹೊಟ್ಟೆ ತಡೆದುಕೊಂಡಿತು.