ಅಪ್ಪನ ರಷ್ಯನ್ ದುರ್ಬೀನು: ರಿಪೇರಿಯಾಗಿ ನಾಲ್ಕು ಮಳೆಗಾಲ ಕಳೆದ ಮೇಲೆ

ಇದು ಸೋವಿಯತ್ ಕಾಲದ 8×30 ದುರ್ಬೀನು, ಅಂದರೆ ಎಂಟು ಪಟ್ಟು ಹತ್ತಿರ ತೋರಿಸುವ, ಮುಂದಿನ ಗಾಜು 30 ಮಿ.ಮೀ. ಅಗಲ ಇರುವಂಥದ್ದು. ಮೈಮೇಲಿನ ನಂಬರು 83ರಿಂದ ಶುರುವಾಗುತ್ತದೆ. ಅಲ್ಲಿನ ಕಾರ್ಖಾನೆಗಳು ಸಾಮಾನ್ಯವಾಗಿ ತಯಾರಾದ ವರ್ಷವನ್ನು ಮೊದಲ ಎರಡು ಅಂಕಿಯಲ್ಲೇ ಹಾಕುತ್ತಿದ್ದವು. ಅಂದರೆ 1983ರದ್ದು.

ಅಪ್ಪ ಹೋದ ಮೇಲೆ ಏಳೆಂಟು ವರ್ಷ ಅದು ಚರ್ಮದ ಚೀಲದಲ್ಲೇ ಬೀರುವಿನಲ್ಲಿತ್ತು. ನಮ್ಮ ತೀರ್ಥಹಳ್ಳಿ ಕಡೆಯ ಥಂಡಿಗೆ ಚರ್ಮದ ಚೀಲಕ್ಕೆ ಬೂಷ್ಟು ಹಿಡಿಯದೆ ಇರುತ್ತದೆಯೇ? ತೆಗೆದು ನೋಡಿದರೆ ಎಲ್ಲ ಮಂಜು ಮಂಜು. ಗ್ರೀಸ್ ಗಟ್ಟಿಯಾಗಿ ಫೋಕಸ್ ಚಕ್ರವೂ ತಿರುಗುತ್ತಿರಲಿಲ್ಲ.

ರಿಪೇರಿ ಮಾಡಿಸಬೇಕೋ, ಹೊಸದು ತರಬೇಕೋ ಅಂತ ತಿಂಗಳುಗಟ್ಟಲೆ ಯೋಚಿಸಿದೆ. ಕೊನೆಗೆ ತೀರ್ಮಾನ ಮಾಡಿಸಿದ್ದು ಒಂದು ಟಾರ್ಚು. ದೊಡ್ಡ ಗಾಜಿನ ಕಡೆಯಿಂದ ಬೆಳಕು ಬಿಟ್ಟು ಓರೆಯಾಗಿ ನೋಡಿ. ಬೂಷ್ಟು ಇದ್ದರೆ ಜೇಡರ ಬಲೆಯ ಎಳೆಗಳ ಹಾಗೆ ಕಾಣುತ್ತದೆ. ಅದನ್ನು ಒರೆಸಿ ತೆಗೆಯಬಹುದು. ಆದರೆ ಬಹಳ ಕಾಲ ಕೂತಿದ್ದರೆ ಗಾಜಿನ ಮೇಲಿನ ಲೇಪವನ್ನೇ ತಿಂದುಬಿಡುತ್ತದೆ, ಆ ಕಲೆ ಮತ್ತೆ ಹೋಗುವುದಿಲ್ಲ. ನನ್ನದರಲ್ಲಿ ಕಲೆ ಅಂಚಿನಲ್ಲಷ್ಟೇ ಇತ್ತು. ಪ್ರಿಸಮ್ಮಿನ (ಒಳಗೆ ಬೆಳಕನ್ನು ತಿರುಗಿಸುವ ಗಾಜಿನ ತುಂಡು) ನಟ್ಟನಡುವೆ ಇದ್ದಿದ್ದರೆ ಕೈಬಿಡುತ್ತಿದ್ದೆ.

ಮೊದಲು ಕೊಟ್ಟ ಅಂಗಡಿಯಲ್ಲಿ ಪ್ರಿಸಮ್ ಒರೆಸಿ ಕೊಟ್ಟರು. ಹತ್ತು ನಿಮಿಷ ನೋಡಿದರೆ ತಲೆನೋವು. ಪ್ರಿಸಮ್ ಕೂರಿಸುವಾಗ ಕೂದಲೆಳೆಯಷ್ಟು ಸರಿದರೂ ಎರಡು ಕೊಳವೆಗಳ ನೋಟ ಒಂದಾಗುವುದಿಲ್ಲ. ಕಣ್ಣು ಅದನ್ನು ಬಲವಂತವಾಗಿ ಕೂಡಿಸಿ ದಣಿಯುತ್ತದೆ. ದೂರದ ಕರೆಂಟ್ ತಂತಿಯನ್ನು ನೋಡುತ್ತಾ ದುರ್ಬೀನನ್ನು ನಿಧಾನವಾಗಿ ಕಣ್ಣಿಂದ ದೂರ ಸರಿಸಿ. ತಂತಿ ಮೇಲೆ ಕೆಳಗೆ ಎರಡಾಗಿ ಕಂಡರೆ ಜೋಡಣೆ ತಪ್ಪಿದೆ ಅಂತಲೇ ಅರ್ಥ. ಹಣ ಕೊಡುವ ಮುಂಚೆ ಅಂಗಡಿಯಲ್ಲೇ ನೋಡಿ. ನನಗೆ ಗೊತ್ತಿರಲಿಲ್ಲ. ಇನ್ನೊಬ್ಬ ಹಿರಿಯ ಮೆಕ್ಯಾನಿಕ್ ಅದನ್ನು ಸರಿಮಾಡಿದರು. ಒಟ್ಟು 3,800 ರೂಪಾಯಿ ಆಯಿತು.

ಈಗಿನ ನೋಟ ನಿಜಕ್ಕೂ ಚೆನ್ನಾಗಿದೆ. ಬಣ್ಣ ಸ್ವಲ್ಪ ಹಳದಿಗೆ ತಿರುಗುತ್ತದೆ, ರಷ್ಯನ್ ದುರ್ಬೀನುಗಳ ಗುಣವೇ ಅದು. ಮುಂದಿನ ಗಾಜುಗಳು ದೂರ ದೂರ ಇರುವುದರಿಂದ ಅಡಿಕೆ ತೋಟದಲ್ಲಿ ಯಾವ ಮರ ಮುಂದೆ, ಯಾವುದು ಹಿಂದೆ ಅಂತ ಸ್ಪಷ್ಟವಾಗಿ ತಿಳಿಯುತ್ತದೆ. ಕನ್ನಡಕ ಹಾಕಿಕೊಂಡು ನೋಡುವವರಿಗೆ ಮಾತ್ರ ಆಗಿಬರುವುದಿಲ್ಲ. ನೋಟದ ಅಂಚು ಜಾಸ್ತಿ ಕತ್ತರಿಸಿಹೋಗುತ್ತದೆ.

ತೊಂದರೆ ಇರುವುದು ಮಳೆಯಲ್ಲಿ. ತುಂಗೆಯ ನಡುವಿನ ಮಂಡಗದ್ದೆಗೆ ಬೆಳ್ಳಕ್ಕಿ, ಹಾವಕ್ಕಿ, ನೀರುಕಾಗೆಗಳು ಗೂಡು ಕಟ್ಟಲು ಬರುವುದೇ ಮಳೆಗಾಲದಲ್ಲಿ, ಅಲ್ವಾ? ಈ ದುರ್ಬೀನಿಗೆ ಸೀಲ್ ಇಲ್ಲ. ಮೊದಲ ಜುಲೈಯಲ್ಲೇ ಒಳಗೆ ಹಬೆ ಕೂತಿತು. ಅದಕ್ಕೇ ಎರಡು ವರ್ಷದ ಹಿಂದೆ ಸುಮಾರು 11 ಸಾವಿರ ಕೊಟ್ಟು ಸೀಲ್ ಇರುವ, ಒಳಗೆ ಹಬೆ ಕೂರದ ಹಾಗೆ ನೈಟ್ರೋಜನ್ ತುಂಬಿದ 8×42 ತಗೊಂಡೆ. ಮಳೆಗೆ ಅದೇ ಸರಿ. ಮುಸ್ಸಂಜೆಯಲ್ಲೂ ಅದೇ ಮೇಲು. ಕಣ್ಣಿಗೆ ಬರುವ ಬೆಳಕಿನ ವೃತ್ತ ಹಳೆಯದರಲ್ಲಿ 3.75 ಮಿ.ಮೀ., ಹೊಸದರಲ್ಲಿ 5.25.

ಮಲೆನಾಡಿನಲ್ಲಿ ಒಂದೇ ದುರ್ಬೀನು ಇಟ್ಟುಕೊಳ್ಳುವವರು ಸೀಲ್ ಇರುವ ಹೊಸದನ್ನೇ ತಗೊಳ್ಳಿ. ಮನೆಯವರ ಹಳೆಯದಿದ್ದು, ಪ್ರಿಸಮ್ ಚೆನ್ನಾಗಿದ್ದರೆ ರಿಪೇರಿ ಖಂಡಿತ ಮಾಡಿಸಿ. ಆದರೆ ಚರ್ಮದ ಚೀಲಕ್ಕೆ ಮತ್ತೆ ಹಾಕಬೇಡಿ. ನನ್ನದು ಮೇ ಕೊನೆಗೆ ತೇವ ಹೀರುವ ಸಿಲಿಕಾ ಜೆಲ್ ಹರಳುಗಳ ಜೊತೆ ಗಾಳಿಯಾಡದ ಡಬ್ಬಿ ಸೇರುತ್ತದೆ. ನೀಲಿ ಹರಳು ಗುಲಾಬಿಗೆ ತಿರುಗಿದ ಕೂಡಲೇ ಬದಲಾಯಿಸುತ್ತೇನೆ. ಈ ಸಲ ದೀಪಾವಳಿಗೆ ತೆಗೆದು ಟಾರ್ಚ್ ಬಿಟ್ಟು ನೋಡಿದೆ. ಒಂದೆಳೆ ಬೂಷ್ಟೂ ಇರಲಿಲ್ಲ.